ನೆಲ ಮುಟ್ಟುವ ಪರದೆ

ನಮ್ಮ ಮನೆಯಲ್ಲೊಂದು ಕರಿ ಕಂಬಳಿ ಇದೆ. ಅದನ್ನು ಹೊದೆಯುವವರು ಈಗ ಯಾರೂ ಇಲ್ಲ. ಮಕ್ಕಳು ಚುಚ್ಚುತ್ತದೆ ಎನ್ನುತ್ತಾರೆ, ಯಜಮಾನರಿಗೆ ಹಾಸನಕ್ಕೆ ಬಂದ ಮೇಲೆ ಶಾಲಿನ ಅಭ್ಯಾಸವಾಗಿದೆ. ಆದರೂ ಒಳ್ಳೆಯ ಬಿಸಿಲು ಬಂದಾಗಲೆಲ್ಲ ಅದನ್ನು ಹಿತ್ತಲ ತಂತಿಯ ಮೇಲೆ ಹರವಿ, ಕೋಲಿನಿಂದ ಬಡಿದು, ಬೇವಿನ ಸೊಪ್ಪಿಟ್ಟು ಮಡಿಸುವ ಕೆಲಸವನ್ನು ನಾನು ಬಿಟ್ಟಿಲ್ಲ. ಹಾಗೆ ಹರವಿದಾಗ ಒಂದು ಅಂಚಿನುದ್ದಕ್ಕೂ ಸಾಲಾಗಿ ತೂತುಗಳು ಕಾಣುತ್ತವೆ. ಪಕ್ಕದ ಮನೆಯವರು ಮೊನ್ನೆ ನೋಡಿ, "ನುಸಿ ತಿಂದಿದೆಯಲ್ಲ, ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?" ಎಂದರು. ನುಸಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ಅವು ಮೊಳೆ ಹೊಡೆದ ತೂತುಗಳು. ಆಕೆ ಅಷ್ಟಕ್ಕೇ ನಿಲ್ಲಿಸದೆ, ಬರುವ ಚುನಾವಣೆಯ ದಿನ ಹೇಗೂ ರಜೆ, ಓಟು ಹಾಕಿ ಆಗಬೇಕಾದದ್ದೇನು, ಚನ್ನರಾಯಪಟ್ಟಣಕ್ಕೆ ತಂಗಿಯ ಮನೆಗೆ ಹೋಗಿ ಬರುತ್ತೇವೆ ಎಂದೂ ಹೇಳಿದರು. ನನಗೆ ಸಿಟ್ಟು ಬಂತು. ನೆರೆಯವರ ಮೇಲೆ ತೋರಿಸಲಾಗದ ಸಿಟ್ಟಾದ್ದರಿಂದ ಅವತ್ತು ಕಂಬಳಿಗೆ ಪೆಟ್ಟು ಸ್ವಲ್ಪ ಜೋರಾಗಿಯೇ ಬಿತ್ತು.

ಕೊಣನೂರು ಸಂತೆಯಲ್ಲಿ ನಮ್ಮಪ್ಪ ಉಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ಆರಿಸಿ, ನನ್ನ ಮದುವೆಯಲ್ಲಿ ಬೀಗಿತ್ತಿಗೆಂದು ಕೊಟ್ಟ ಕಂಬಳಿ ಅದು. ಬೀಗಿತ್ತಿ ಎಂದರೆ ನನ್ನ ಅತ್ತೆ, ಲಕ್ಕಮ್ಮ. ಹಾಸನದ ಹತ್ತಿರ ಮೊಸಳೆ ಎಂಬ ಊರಿಗೆ ಕೂಗಳತೆಯಲ್ಲಿದ್ದ ಹಳ್ಳಿ ಅವರದು. ಗಂಡ ತೀರಿಕೊಂಡ ಮೇಲೆ ಪಟೇಲರ ಗದ್ದೆಯನ್ನು ಗೇಣಿಗೆ ಮಾಡಿ ಮಗನನ್ನು ಸಾಕಿದವರು. ಕೆರೆಯ ಕೆಳಗಿನ ಆ ಒಂದು ತಾಕು ಗದ್ದೆಯೇ ನಮ್ಮೆಲ್ಲರ ಅನ್ನ. ಬಾಯಿಮಾತಿನ ಗೇಣಿಯಾದ್ದರಿಂದ ಪಟೇಲರು ಬಿಡು ಎಂದ ದಿನ ಅದು ನಮ್ಮದಲ್ಲ. ಪಟೇಲರನ್ನು ಕೆಟ್ಟವರೆಂದು ಒಂದೇ ಮಾತಿನಲ್ಲಿ ಹೇಳಿಬಿಡಲಾರೆ. ಮಾವ ತೀರಿದ ವರ್ಷ ಉಳುವುದಕ್ಕೆ ಎತ್ತು ಕೊಟ್ಟವರೂ ಅವರೇ. ಕೊಟ್ಟದ್ದನ್ನು ಅವರು ಮರೆಯುತ್ತಿರಲಿಲ್ಲ, ನಮಗೂ ಮರೆಯಲು ಬಿಡುತ್ತಿರಲಿಲ್ಲ.

ಆ ವರ್ಷ ಚುನಾವಣೆಗೆ ನಿಂತವರಲ್ಲಿ ಒಬ್ಬರು ಪಟೇಲರ ನೆಂಟರು, ಇನ್ನೊಬ್ಬರು ಊರಿಗೆ ಹೊಸಬರು. ಇಬ್ಬರೂ ಓಟು ಕೇಳಲು ಬಂದರು. ಅತ್ತೆ ಇಬ್ಬರನ್ನೂ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ಬಾಯ್ಮಾತ್ನಲ್ಲಿ ಗದ್ದೆ ಮಾಡ್ತಾ ಇವ್ನಿ ಸ್ವಾಮಿ. ನಾಳೀಕೆ ಬುಟ್ಬುಡು ಅಂದ್ರೆ ನಾ ಯಾರ್ತಾವ ಓಗ್ಲಿ?" ನೆಂಟರು ನಕ್ಕು, ಗೌಡರು ಇರುವಾಗ ನಿಮಗೇಕಮ್ಮ ಆ ಯೋಚನೆ ಎಂದು ಜೊತೆಗೆ ಬಂದಿದ್ದ ಪಟೇಲರ ಮುಖ ನೋಡಿದರು. ಹೊಸಬರು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಕಾನೂನು ಬರುತ್ತದೋ ಇಲ್ಲವೋ ಹೇಳಲಾರೆ, ಕೇಳುವುದಂತೂ ಕೇಳುತ್ತೇನೆ ಎಂದರು. ಅವರು ಹೋದ ಮೇಲೆ ಅತ್ತೆ ಯಾರನ್ನೂ ಹೊಗಳಲಿಲ್ಲ. "ಒಬ್ಬ ನಗ್ತಾನೆ, ಒಬ್ಬ ಗೊತ್ತಿಲ್ಲ ಅಂತಾನೆ. ಎರಡ್ನೂವೆ ಗ್ಯಾಪ್ಕ ಮಡೀಕೊ," ಎಂದು ನನಗೆ ಹೇಳಿ ಲೋಟ ತೊಳೆಯಲು ಹೋದರು. ಓದಿದ ನಾವು ಇಂದಿಗೂ ಅಭ್ಯರ್ಥಿಯ ಜಾತಿ ಕೇಳುತ್ತೇವೆ, ಊರು ಕೇಳುತ್ತೇವೆ, ಗೆಲ್ಲುತ್ತಾನೋ ಇಲ್ಲವೋ ಎಂದು ಕೇಳುತ್ತೇವೆ. ನಮ್ಮ ಬದುಕಿಗೆ ತಟ್ಟುವ ಒಂದು ಪ್ರಶ್ನೆಯನ್ನು ಅವನ ಮುಂದಿಟ್ಟು ಉತ್ತರಕ್ಕೆ ಕಾಯುವುದು ಮಾತ್ರ ನಮಗೆ ಹೊಳೆಯುವುದಿಲ್ಲ.

ನಮ್ಮ ಕಡೆ ಕಂಬಳಿ ಬರೀ ಹೊದಿಕೆಯಲ್ಲ. ನ್ಯಾಯ ಹೇಳುವಾಗ ಅದನ್ನು ಹಾಸುತ್ತಾರೆ, ಅದರ ಮೇಲೆ ಕೂತು ಕೊಟ್ಟ ಮಾತಿಗೆ ತಪ್ಪುವ ಧೈರ್ಯ ಯಾರೂ ಮಾಡುವುದಿಲ್ಲ. ಓಟಿನ ಹಿಂದಿನ ಸಂಜೆ ಪಟೇಲರು ಚಾವಡಿಯಲ್ಲಿ ಗಂಡಸರನ್ನೆಲ್ಲ ಸೇರಿಸಿ, ನಮ್ಮ ಮನೆಯಿಂದಲೇ ಈ ಕಂಬಳಿ ತರಿಸಿ ಹಾಸಿ, ತಮ್ಮ ನೆಂಟರಿಗೇ ಓಟು ಎಂದು ಮಾತು ತೆಗೆದುಕೊಂಡರು. ನಮ್ಮ ಯಜಮಾನರೂ ಕೊಟ್ಟು ಬಂದರು. ಹೆಂಗಸರನ್ನು ಯಾರೂ ಕರೆಯಲಿಲ್ಲ, ನಮ್ಮ ಮಾತೂ ಅದರಲ್ಲೇ ಸೇರಿತ್ತೆಂದು ತಿಳಿದಿರಬೇಕು. ಕೊನೆಗೆ ಪಟೇಲರು ನಗುನಗುತ್ತಲೇ ಹೇಳಿದರಂತೆ: "ಗುಟ್ಟಿನ ಓಟು ಅಂತಾರೆ. ಈ ಊರಲ್ಲಿ ನಂಗೆ ಗೊತ್ತಾಗ್ದಿರೋ ಗುಟ್ಟು ಯಾವ್ದಲಾ ಐತೆ?" ಯಜಮಾನರು ಅದನ್ನು ಬಂದು ಹೇಳಿದಾಗ ಅತ್ತೆ ಕಂಬಳಿಯನ್ನು ಕೊಡವಿ ಮಡಿಸಿಟ್ಟರು.

ಗೊತ್ತಾಗುವುದು ಹೇಗೆಂದು ಮಾರನೆಯ ದಿನ ಶಾಲೆಯ ಕೋಣೆಯಲ್ಲಿ ಕಂಡಿತು. ಆಗಿನ ಪದ್ಧತಿಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಗುರುತು. ಪರದೆಯ ಹಿಂದೆ ಉದ್ದನೆಯ ಬೆಂಚಿನ ಬಾಗಿಲ ಕಡೆಯ ತುದಿಯಲ್ಲಿ ಪಟೇಲರ ನೆಂಟರದು, ಕಿಟಕಿಯ ಕಡೆಯ ತುದಿಯಲ್ಲಿ ಹೊಸಬರದು. ಒಳಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಆದರೆ ಅಡ್ಡಪಟ್ಟಿಗೆ ಕಟ್ಟಿದ್ದ ಬಟ್ಟೆ ಗಿಡ್ಡದು, ಮೊಣಕಾಲಿಗೇ ನಿಂತಿತ್ತು. ಎದುರಿನ ಬೆಂಚಿನಲ್ಲಿ ನೆಂಟರ ಏಜೆಂಟಾಗಿ ಪಟೇಲರ ತಮ್ಮ ಕೂತಿದ್ದರು. ಅವರ ಕಣ್ಣು ಯಾರ ಮುಖದ ಮೇಲೂ ಇರಲಿಲ್ಲ, ನೆಲದ ಮೇಲಿತ್ತು.

ನಮಗಿಂತ ಮುಂದಿದ್ದವಳು ಕೆಂಪಿ, ಪಟೇಲರ ಕಣದಲ್ಲಿ ಕೂಲಿ ಮಾಡುವವಳು. ಪರದೆಯ ಕೆಳಗೆ ಅವಳ ಒಡೆದ ಹಿಮ್ಮಡಿಗಳು ಕಂಡವು. ನಡುವೆ ಒಂದು ಗಳಿಗೆ ನಿಂತವು, ಆಮೇಲೆ ಬೆರಳುಗಳು ಕಿಟಕಿಯ ಕಡೆಗೆ ತಿರುಗಿ ಒಂದು ಹೆಜ್ಜೆ ಇಟ್ಟವು. ಪಟೇಲರ ತಮ್ಮ ಮೆಲ್ಲಗೆ ಕೆಮ್ಮಿದರು. ಕಾಲುಗಳು ನಿಂತುಬಿಟ್ಟವು. ಸಾಲಿನಲ್ಲಿದ್ದ ನಾವೆಲ್ಲ ನೋಡುತ್ತಿದ್ದಂತೆ ಅವು ಹಿಂದಕ್ಕೆ ತಿರುಗಿ ಬಾಗಿಲ ಕಡೆಗೆ ಬಂದವು. ಚೀಟಿ ಬಿದ್ದ ಸದ್ದು ಕೇಳಿತು. ಹೊರಗೆ ಬಂದ ಕೆಂಪಿ ಯಾರನ್ನೂ ನೋಡದೆ ಸೆರಗು ಎಳೆದುಕೊಂಡು ಹೊರಟುಹೋದಳು.

ಮುಂದಿನವರು ಅತ್ತೆ. ಬೆರಳಿಗೆ ಮಸಿ ಹಾಕಿಸಿಕೊಳ್ಳದೆ, ಹಾಸನದಿಂದ ಬಂದಿದ್ದ ಅಧಿಕಾರಿಯನ್ನು ಕೇಳಿದರು: "ಸಾ, ಇದು ಮರೆಗೆ ಕಟ್ಟಿರಾದಾ, ತೋರ್ಸಕ್ಕೆ ಕಟ್ಟಿರಾದಾ?"

"ಸುಮ್ಕೆ ಓಟಾಕ್ಬುಟ್ಟು ಓಗು ಲಕ್ಕಮ್ಮ," ಎಂದರು ಪಟೇಲರ ತಮ್ಮ.

"ಆಕ್ತೀನಿ ಕಣಪ್ಪ. ಕಾಲು ಮುಚ್ಚಗಂಟ ಆಕಾಕಿಲ್ಲ."

ಅಧಿಕಾರಿ ಬೆಳಗಿನ ತಿಂಡಿಯನ್ನು ಪಟೇಲರ ಮನೆಯಲ್ಲೇ ತಿಂದಿದ್ದವರು. ಹಣೆ ಒರೆಸಿಕೊಂಡು, ಕೊಟ್ಟಿರುವ ಬಟ್ಟೆಯೇ ಇಷ್ಟು, ನಾನೇನು ಮಾಡಲಮ್ಮ ಎಂದರು. ಅತ್ತೆ ನನ್ನ ಕಡೆ ತಿರುಗಿ, "ಓಗವ್ವ, ಕಂಬ್ಳಿ ತತ್ತಾ," ಎಂದು ಅಲ್ಲೇ ನೆಲದ ಮೇಲೆ ಕೂತರು. ಹಿಂದಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಕೂತರು.

ಆ ದಾರಿಯನ್ನು ನಾನು ಹೇಗೆ ನಡೆದೆನೋ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಚಾವಡಿಯ ಮುಂದೆ ತಲೆಯೆತ್ತಿ ನಡೆದವಳಲ್ಲ. ಉರಿಬಿಸಿಲಲ್ಲಿ ಕಂಬಳಿ ಹೊತ್ತು ಬರುತ್ತಿದ್ದವಳನ್ನು ಕಂಡು ಪಟೇಲರು, "ಏನವ್ವಾ, ಚಳೀನಾ?" ಎಂದರು. ಸುತ್ತ ಕೂತವರು ನಗಲಿಲ್ಲ. ಗಂಡಸರ ಸಾಲಿನಲ್ಲಿ ನಿಂತಿದ್ದ ನಮ್ಮ ಯಜಮಾನರು ತಲೆ ತಗ್ಗಿಸಿದರು. ನನ್ನ ಕಾಲು ಮಾತ್ರ ನಿಲ್ಲಲಿಲ್ಲ.

ಅಧಿಕಾರಿ ಕಂಬಳಿಯನ್ನು ನೋಡಿದರು, ಪಟೇಲರ ತಮ್ಮನನ್ನು ನೋಡಿದರು, ನೆಲದ ಮೇಲೆ ಕೂತ ಹೆಂಗಸರನ್ನು ನೋಡಿದರು. ಆಮೇಲೆ ಅದೇನನ್ನಿಸಿತೋ, ತಾವೇ ಎದ್ದು ಗಿಡ್ಡ ಬಟ್ಟೆಯನ್ನು ಬಿಚ್ಚಿ, ಒಂದು ಕಲ್ಲು ತೆಗೆದುಕೊಂಡು ಕಂಬಳಿಯನ್ನು ಅಡ್ಡಪಟ್ಟಿಗೆ ಮೊಳೆ ಹೊಡೆದು ನಿಲ್ಲಿಸಿದರು. ಅದು ನೆಲ ಮುಟ್ಟಿತು.

ನನ್ನ ಸರದಿ ಬಂದಾಗ ಒಳಗೆ ಉಣ್ಣೆಯ ವಾಸನೆ, ಮಬ್ಬುಗತ್ತಲೆ. ಇಷ್ಟು ಹೊತ್ತೂ ಇನ್ನೊಬ್ಬರ ಕಣ್ಣಿಗೆ ಹೆದರಿದ್ದವಳಿಗೆ ಈಗ ಬೇರೊಂದು ಹೆದರಿಕೆ ಹತ್ತಿತು. ನಾನು ಯಾವ ಕಡೆ ಮುಖ ಮಾಡಿದ್ದೇನೆಂದು ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ತಪ್ಪಾದರೆ ಗಂಡ ಹೇಳಿದ, ಗೌಡರು ಹೇಳಿದರು ಎನ್ನುವ ನೆಪವಿಲ್ಲ. ಪರದೆ ನಮ್ಮನ್ನು ಊರಿನಿಂದ ಮರೆಮಾಡುತ್ತದೆ, ನಮ್ಮಿಂದಲೇ ಮರೆಮಾಡುವುದಿಲ್ಲ. ಅತ್ತೆ ಜ್ಞಾಪಕದಲ್ಲಿಡು ಎಂದಿದ್ದ ಎರಡು ಉತ್ತರಗಳು ಆಗ ನೆನಪಿಗೆ ಬಂದವು, ಅವು ಇಲ್ಲದಿದ್ದರೆ ಕಣ್ಣುಮುಚ್ಚಿ ಹತ್ತಿರದ ಪೆಟ್ಟಿಗೆಗೆ ಹಾಕಿ ಬರುತ್ತಿದ್ದೆ. ಗೆಳೆಯರೇ, ಅಲ್ಲಿಗೆ ಹೋಗುವ ಮುಂಚೆಯೇ ತಿಳಿದುಕೊಳ್ಳಬೇಕು. ಒಳಗೆ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಆಮೇಲೆ ಒಳಗೆ ಹೋದವರಲ್ಲಿ ಯಾರ ಓಟು ಯಾರಿಗೆ ಬಿತ್ತೆಂದು ಪಟೇಲರಿಗೆ ಗೊತ್ತಾಗಲಿಲ್ಲ. ಕಂಬಳಿ ಯಾರದೆಂದು ಮಾತ್ರ ಇಡೀ ಊರಿಗೆ ಗೊತ್ತಿತ್ತು. ಎಣಿಕೆ ಮುಗಿದು ಅವರ ನೆಂಟರು ಸೋತ ಮೇಲೆ ಅತ್ತೆಗೆ ಕರೆ ಬಂತು. ನಾನೂ ಜೊತೆಗೆ ಹೋದೆ. ಪಟೇಲರು ಸಿಟ್ಟಾಗಲಿಲ್ಲ. "ನಮ್ಮ ಪೆಟ್ಗೆಗೇ ಆಕ್ದೆ ಅಂತ ಒಂದ್ಮಾತು ಏಳ್ಬುಡು ಲಕ್ಕಮ್ಮ. ಗದ್ದೆ ನಿಂದೇಯ," ಎಂದರು. ಅತ್ತೆ ಹಿಡಿದು ನಿಂತಿದ್ದ ಕಂಬವನ್ನು ಬಿಟ್ಟು ಮುಂದೆ ಬಂದರು. ಆಮೇಲೆ, "ಅದೊಂದ ಕೇಳ್ಬ್ಯಾಡಿ ಗೌಡ್ರೇ," ಎಂದು ಕೈಮುಗಿದು ಬಂದುಬಿಟ್ಟರು.

ಗದ್ದೆ ಹೋಯಿತು. ಮನೆಯಲ್ಲಿ ನಾನು ಅತ್ತು, ನಿಜವೋ ಸುಳ್ಳೋ ಆ ಒಂದು ಮಾತು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ರೇಗಿದೆ. "ನಾ ಏಳುದ್ರೆ ನಾಳೀಕೆ ನನ್ನಿಂದೆ ಕೂತಿದ್ದೋರ್ನೆಲ್ಲ ಕೂಗಿ ಕೇಳ್ತಾರೆ. ಆಮೇಕೆ ನಿನ್ನ ಕೇಳ್ತಾರೆ. ಕಂಬ್ಳಿ ಕಟ್ಟಿ ಏನು ಬಂತು?" ಎಂದರು ಅತ್ತೆ. ಆ ವರ್ಷ ನಾವು ಕೊಂಡ ಅಕ್ಕಿ ಉಂಡೆವು. ಯಜಮಾನರು ಹಾಸನದ ಅಕ್ಕಿ ಗಿರಣಿಗೆ ಸೇರಿದರು, ಕಾಲಾಂತರದಲ್ಲಿ ನಾನು ಮೇಷ್ಟರ ಕೆಲಸ ಹಿಡಿದೆ. ಅತ್ತೆ ಕೊನೆಯವರೆಗೂ ಆ ಗದ್ದೆಯ ಬದುವಿನ ಮೇಲೆ ನಡೆಯಲಿಲ್ಲ, ಸುತ್ತಿಬಳಸಿ ಹೋಗುತ್ತಿದ್ದರು.

ಇಷ್ಟನ್ನೂ ನಿನ್ನೆ ಬೇಲಿಯ ಈಚೆ ನಿಂತು ಪಕ್ಕದ ಮನೆಯವರಿಗೆ ಹೇಳಿದೆ. ಆಕೆ ತಂತಿಯ ಮೇಲಿದ್ದ ಕಂಬಳಿಯ ಅಂಚನ್ನು ಹಿಡಿದು, ತೂತುಗಳ ಮೇಲೆ ಬೆರಳಾಡಿಸಿ, ಚನ್ನರಾಯಪಟ್ಟಣಕ್ಕೆ ಸಂಜೆಯೂ ಬಸ್ಸಿದೆ, ಓಟು ಹಾಕಿಯೇ ಹೋಗಬಹುದು ಎಂದರು. ಆಮೇಲೆ, "ಕಡೆಗೆ ನಿಮ್ಮತ್ತೆ ಯಾರಿಗೆ ಹಾಕಿದ್ದರು?" ಎಂದು ಕೇಳಿದರು.

ಆ ಓಟಾದ ಮುಂದಿನ ಚುನಾವಣೆಯಲ್ಲಿ ನಾನೂ ಅದನ್ನೇ ಕೇಳಿದ್ದೆ. ಆ ಹೊತ್ತಿಗೆ ಪೆಟ್ಟಿಗೆಗಳ ಪದ್ಧತಿ ಹೋಗಿ ಚೀಟಿಗೆ ಮುದ್ರೆ ಒತ್ತುವುದು ಬಂದಿತ್ತು, ಪರದೆಯೂ ಉದ್ದವಾಗಿತ್ತು. ಅತ್ತೆ ಮಾತ್ರ ಕಂಬಳಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡೇ ಬಂದಿದ್ದರು. ಸಾಲಿನಲ್ಲಿ ಅವರ ಕಿವಿಯ ಹತ್ತಿರ ಬಗ್ಗಿ, ಇಷ್ಟು ವರ್ಷವಾಯಿತಲ್ಲ, ಅವತ್ತು ಯಾರಿಗೆ ಹಾಕಿದಿರಿ, ನನಗಾದರೂ ಹೇಳಿ ಎಂದೆ.

"ಗದ್ದೇನೇ ಓಯ್ತು, ಆಗ್ಲೂವೆ ಏಳ್ನಿಲ್ಲ. ಈಗ ನಿಂಗೆ ಏಳ್ತೀನಾ?"

ಹಾಗೆಂದು ಪರದೆಯ ಅಂಚನ್ನು ಕಾಲ ಹೆಬ್ಬೆರಳಿನಿಂದ ಸರಿಸಿ ನೋಡಿ, ನೆಲ ಮುಟ್ಟಿದೆಯೆಂದು ಖಾತ್ರಿ ಮಾಡಿಕೊಂಡು, ಕಂಬಳಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ತಡೆಯಲಾರದೆ ಬಗ್ಗಿ ನೋಡಿದೆ. ಅವರ ಕಾಲು ಕಾಣಲಿಲ್ಲ.