ಕೆಂಪು ರಿಬ್ಬನ್ ಕಟ್ಟಿದ ಸಾಲು

ಆಗಿನ್ನೂ ಅಥಣಿ ಕಡೆಯ ನಮ್ಮ ಹೊಲದಲ್ಲಿ ದ್ರಾಕ್ಷಿ ಇತ್ತು. ದಸರಾ ಸೂಟಿ ಬಂತೆಂದರೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ. ಕತ್ತರಿಸಿದ ಕಡ್ಡಿಯ ಹಸಿ ವಾಸನೆ, ಬುತ್ತಿಯ ಶೇಂಗಾ ಹಿಂಡಿಯ ಘಾಟು ಇವತ್ತಿಗೂ ಮೂಗಿನಲ್ಲಿವೆ. ನನಗೆ ಹನ್ನೆರಡು ವರ್ಷ. ಸೊಕ್ಕು ಮಾತ್ರ ಇಪ್ಪತ್ತರದು.

ಹಟ ಮಾಡಿ ಅಪ್ಪನಿಂದ ಒಂದು ಸಾಲು ಗಿಟ್ಟಿಸಿಕೊಂಡೆ. ಪಕ್ಕದ ಸಾಲಿನಲ್ಲಿ ಸಾವಕ್ಕ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವಳು. ಆದರೂ ಪ್ರತಿ ಕಡ್ಡಿಗೂ ನಿಂತು, ಗಂಟು ಮುಟ್ಟಿ ನೋಡಿ, ಚಿಗುರೊಡೆಯುವ ಕಣ್ಣು ಎಣಿಸಿಯೇ ಕತ್ತರಿ ಹಾಕುತ್ತಿದ್ದಳು.

“ಗಂಟಿನ ಮ್ಯಾಲಿನ ಕಣ್ಣ ಉಳಸಬೇಕ ತಂಗಿ, ಗೊನಿ ಅಲ್ಲೇ ಬರ್ತೈತಿ. ಸಾವಕಾಶ ಮಾಡು.”

“ನಂಗ ಗೊತ್ತೈತಿ ಬಿಡ ಸಾವಕ್ಕಾ. ನಿಂದ ಇನ್ನಾ ಅರ್ಧಾನೂ ಆಗಿಲ್ಲ!”

ಮಧ್ಯಾಹ್ನದೊಳಗೆ ನನ್ನದು ಮುಗಿಯಿತು. ಗೆದ್ದ ಗುರುತಿಗೆ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಸಾಲಿನ ಕೊನೆಯ ಕಂಬಕ್ಕೆ ಕಟ್ಟಿದೆ.

ಮೂರು ವಾರದಲ್ಲಿ ತೋಟವೆಲ್ಲ ಚಿಗುರಿ ಪುಟ್ಟ ಪುಟ್ಟ ಗೊನೆ ಇಣುಕಿದವು. ನಡುವಿನ ಒಂದು ಸಾಲಿನಲ್ಲಿ ಮಾತ್ರ ಬರೀ ಎಲೆ. ಆ ಸಾಲಿನ ವರ್ಷದ ಫಲವೇ ಹೋಗಿತ್ತು. ಅಪ್ಪ ಸಾವಕ್ಕನನ್ನು ಕರೆದ. ಧ್ವನಿ ಏರಿಸಲಿಲ್ಲ, ನನಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

“ಇದ ಯಾರ ಸಾಲು?”

ಸಾವಕ್ಕನ ಮುಖ ಬಿಳಿಚಿಕೊಂಡಿತು. “ನಂದ ಇರಬೇಕ್ರಿ ಸಾವಕಾರ್ರ. ಎಣಸೇ ಕತ್ರಿ ಹಾಕಿದ್ನಿ... ಆದ್ರೂ ಎಲ್ಲೋ ತಪ್ಪಿರಬೇಕ್ರಿ.”

“ಅಕೀದ ಅಪ್ಪಾ,” ನಾನೂ ದನಿಗೂಡಿಸಿದೆ. “ಕಡ್ಡಿ ಕಡ್ಡಿಗೂ ಅನುಮಾನ ಮಾಡ್ತಿದ್ಳು.” ಸುಳ್ಳು ಹೇಳಿದ್ದಲ್ಲ, ಹಾಗೆಂದೇ ನಂಬಿದ್ದೆ.

“ನಾಳಿಂದ ಬರಬ್ಯಾಡ,” ಎಂದ ಅಪ್ಪ.

ಸಾವಕ್ಕ ಬುತ್ತಿ ಚೀಲ ಎತ್ತಿಕೊಂಡು ಆ ಸಾಲಿನುದ್ದಕ್ಕೂ ನಡೆದಳು. ಕೊನೆಯ ಕಂಬದ ಬಳಿ ನಿಂತಳು. ಚಿಗುರಿನ ಮರೆಯಲ್ಲಿ ನನ್ನ ರಿಬ್ಬನ್ ಇತ್ತು. ತಿರುಗಿ ನನ್ನನ್ನೇ ನೋಡಿದಳು. ಮತ್ತೆ ನಡೆದಳು.

ಅದು ನನ್ನದೇ ಸಾಲೆಂದು ಆಗ ಹೊಳೆಯಿತು. ನಾನು ಸುಮ್ಮನಿದ್ದರೆ ಅವಳ ಕೆಲಸ ಹೋಗುತ್ತಿತ್ತು, ನನ್ನ ಮಾನ ಉಳಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

“ಅಪ್ಪಾ, ಅದು ನಂದ ಸಾಲು.”

ಕೆಲಸದವರ ಹಿಂದೆ ಅಪ್ಪ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಚಾಟ್ನಿಗೆ ಸಾವಕ್ಕ ನನ್ನ ಬೆರಳು ಹಿಡಿದು ಒಂದೊಂದೇ ಗಂಟು ಮುಟ್ಟಿಸಿದಳು. ಆಗ ದಿನಕ್ಕೆ ಅರ್ಧ ಸಾಲೂ ಮುಗಿಯಲಿಲ್ಲ.

ಈಗ ಅಲ್ಲಿ ಕಬ್ಬು ನಿಂತಿದೆ, ಸಾವಕ್ಕ ಇಲ್ಲ. ಕಚೇರಿಯಲ್ಲಿ ಜನ ನನ್ನನ್ನು ಎಲ್ಲ ಬಲ್ಲವಳು ಎನ್ನುತ್ತಾರೆ, ಕೇಳಿದಾಗೆಲ್ಲ ಭಯವಾಗುತ್ತದೆ. ‘ಸಾವಕಾಶ, ತಂಗಿ’ ಎನ್ನಲು ಪಕ್ಕದ ಸಾಲಿನಲ್ಲಿ ಯಾರೂ ಇಲ್ಲ.