ರೈತರ ಫೈಲಿನ ಮೇಲಿನ ಸಾಲು

ಆ ದಿನ ಬೆಳಿಗ್ಗೆ ನಾನು ಚಾಕಿ ಮನೆಯೊಳಗೆ ಸೊಪ್ಪು ಕತ್ತರಿಸುತ್ತಿದ್ದೆ. ನನ್ನ ತಮ್ಮ ಹೋಳೂರಿನಿಂದ ಬೈಕಿನಲ್ಲಿ ಬಂದು, ಯಾವಾಗಿನಂತೆ ಕಿಟಕಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ. ನಮ್ಮಿಬ್ಬರ ನಡುವೆ ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ಬರದಂತೆ ಹೊಡೆದ ಬಲೆ ಇತ್ತು.

"ಅಕ್ಕಾ, ಒಳಗ್ ಬರ್ಲಾ?"

"ಬಂದ್ರೆ ಕಾಲ್ ಮುರೀತೀನಿ ಕಣೋ. ನಿನ್ನೆ ಯಾರ ಹುಳು ಮನೇಲಿದ್ದೆ?"

"ಸ್ನಾನ ಮಾಡ್ಕೊಂಡೇ ಬಂದಿದೀನಿ."

"ನಿನ್ ಸ್ನಾನ ನಾನ್ ನೋಡಿಲ್ವಾ? ಎರಡು ಚೊಂಬು."

"ನಿನ್ ಹುಳಕ್ಕಿರೋ ಮರ್ಯಾದೆ ಒಡಹುಟ್ಟಿದೋನಿಗಿಲ್ಲ ಬಿಡು," ಎಂದು ಲ್ಯಾಪ್‌ಟಾಪ್ ತೆರೆದ.

ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಾಗಿನಿಂದ ಎರಡನೇ ಜ್ವರ ಕಳೆಯುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವ ಜಾಗ ಚಾಕಿ ಮನೆ. ಹುಳು ಮೇವು ಬಿಟ್ಟು ಸುಮ್ಮನೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಸುಗಟೂರಿನ ನಮ್ಮ ಹಿತ್ತಲಿನಲ್ಲಿ ಅಂಥದೊಂದನ್ನು ನಾನೂ ತಮ್ಮನೂ ಸೇರಿ ನಡೆಸುತ್ತಿದ್ದೆವು. ಇದರಲ್ಲಿ ಒಂದು ಕಟ್ಟುನಿಟ್ಟು ಇದೆ. ರೈತರ ಹುಳು ಮನೆಗೆ ಹೋಗಿ ಬರುವವರು ಚಾಕಿ ಮನೆಯೊಳಗೆ ಕಾಲಿಡಬಾರದು. ಬಟ್ಟೆಯಲ್ಲೋ ಕೂದಲಲ್ಲೋ ದೊಡ್ಡ ಹುಳುವಿನ ರೋಗ ಅಂಟಿಕೊಂಡು ಬಂದರೆ ಮರಿಗಳೆಲ್ಲ ಹೋಗುತ್ತವೆ. ಹಾಗಾಗಿ ಮೊದಲಿನಿಂದಲೂ ನಾನು ಒಳಗೆ, ಅವನು ಹೊರಗೆ. ಮುಳಬಾಗಿಲು ಕಡೆ, ಶ್ರೀನಿವಾಸಪುರ ಕಡೆ ಊರೂರು ತಿರುಗಿ ರೈತರನ್ನು ನೋಡುವುದು ಅವನ ಪಾಲು. ಹುಳು ನನ್ನ ಪಾಲು. ಮಾತೆಲ್ಲ ಬಲೆಯ ಮೂಲಕ.

ಬಲೆಯ ಮೂಲಕ ಹೇಳಿದ ಮಾತು ಎಷ್ಟೋ ಸಲ ಅರ್ಧ ತಲುಪುತ್ತಿತ್ತು. ಒಮ್ಮೆ ಹುಳು ಜ್ವರಕ್ಕೆ ಕೂತ ದಿನವೇ ತೆಗೆದುಕೊಂಡು ಹೋಗಲು ಬನ್ನಿ ಎಂದು ಅವನು ಶ್ರೀನಿವಾಸಪುರದ ಕಡೆಯ ರೈತರೊಬ್ಬರಿಗೆ ಹೇಳಿಬಿಟ್ಟಿದ್ದ. ಅವರು ಟೆಂಪೋ ಮಾಡಿಕೊಂಡು ಬಂದು ಬರಿಗೈಯಲ್ಲಿ ಹೋದರು. ಅದಾದ ಮೇಲೆ, ಒಳಗಿನ ಸುದ್ದಿ ಹೊರಗೂ ಹೊರಗಿನ ಸುದ್ದಿ ಒಳಗೂ ಕಾಣುವಂತೆ ಒಂದು ವೆಬ್‌ಸೈಟ್ ಮಾಡೋಣ ಎಂದ. ಅವನು ಕೋಲಾರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದವನು. ನಾನು ಪಿಯುಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಅವನು ಆ ಕಿಟಕಿಯಲ್ಲಿ ಕೂತೇ ನನಗೆ ಹೇಳಿಕೊಟ್ಟ. ಸೊಪ್ಪು ಹಾಕಿ ಮುಗಿದ ಮೇಲೆ ನಾನು ಒಳಗಿನ ಸ್ಟೂಲಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ತಪ್ಪು ಮಾಡಿದಾಗ ಅವನು ಬಲೆಗೆ ಬೆರಳಿನಿಂದ ಟಪ್ಪೆಂದು ಹೊಡೆಯುತ್ತಿದ್ದ.

ಕೆಲಸವನ್ನು ಅಲ್ಲೂ ಹಾಗೇ ಹಂಚಿಕೊಂಡೆವು. ರೈತರ ಹೆಸರು, ಊರು, ಹುಳು ಮನೆಯ ಅಳತೆ ಇರುವ ಮಾಡೆಲ್, ಅಂದರೆ ಮಾಹಿತಿಯ ಅಚ್ಚು, ಅವನ ಫೈಲಿನಲ್ಲಿ. ಯಾವ ಬ್ಯಾಚ್ ಯಾವಾಗ ಮೊಟ್ಟೆಯೊಡೆಯಿತು, ಯಾವ ಜ್ವರದಲ್ಲಿದೆ ಎಂಬ ಮಾಡೆಲ್ ನನ್ನ ಫೈಲಿನಲ್ಲಿ. ಅವನ ಫೈಲನ್ನು ನಾನು ತೆರೆಯುತ್ತಿರಲಿಲ್ಲ, ನನ್ನದನ್ನು ಅವನು ತೆರೆಯುತ್ತಿರಲಿಲ್ಲ. ಹಾಗೆಂದು ಮಾತಾಡಿಕೊಂಡದ್ದೇನೂ ಅಲ್ಲ. ಒಬ್ಬರ ಕೋಣೆಗೆ ಇನ್ನೊಬ್ಬರು ಹೋಗದಿರುವುದು ನಮಗೆ ಕೈಗೆ ಕಾಲಿಗೆ ಹತ್ತಿಹೋಗಿತ್ತು.

ಆ ದಿನ ಅವನು ಬಹಳ ಹೊತ್ತು ಕೂರಲಿಲ್ಲ. ದೇವರಾಯಸಮುದ್ರದ ಒಬ್ಬರ ಮನೆಯಲ್ಲಿ ಹುಳು ಸರಿಯಾಗಿ ಮೇಯುತ್ತಿಲ್ಲವಂತೆ, ನಾಳೆ ಬೆಳಿಗ್ಗೆಯೇ ಹೋಗಬೇಕು ಎಂದ. ಬರುವಾಗ ತಟ್ಟೆ ತೊಳೆಯಲು ಬ್ಲೀಚಿಂಗ್ ಪೌಡರ್ ತಾ ಎಂದೆ. ಹೂಂ ಎಂದ. ಅವನ ಬೈಕ್ ಹೋದ ಸದ್ದು ಕೇಳಿದ್ದು ನನಗೆ ನೆನಪಿಲ್ಲ.

ಆ ಸಂಜೆ ನಾನು ಬ್ಯಾಚ್ ಫೈಲಿನ ಮೇಲ್ಗಡೆ ಒಂದು ಸಾಲು ಬರೆದೆ. ಅವನ ಫೈಲಿನಿಂದ ರೈತರ ಮಾಡೆಲನ್ನು ಇಲ್ಲಿಗೆ ತರುವ ಇಂಪೋರ್ಟ್ ಸಾಲು. ಒಂದು ಬ್ಯಾಚಿನ ಹುಳು ಯಾರಾರಿಗೆ ಹೋಯಿತು ಎಂದು ತೋರಿಸಬೇಕಾದರೆ ಅದು ಬೇಕಿತ್ತು. ಅದೇ ಸಂಜೆ ಹೋಳೂರಿನಲ್ಲಿ ಅವನೂ ತನ್ನ ಫೈಲಿನ ಮೇಲೆ ಒಂದು ಸಾಲು ಬರೆದಿದ್ದನೆಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಮರುದಿನ ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಅವನು ಬೈಕ್ ನಿಲ್ಲಿಸಿ, ಎದೆ ಹಿಡಿದಂತಾಗುತ್ತಿದೆ ಎಂದು ಕೂತನಂತೆ. ಜೊತೆಗೆ ಆ ಹುಳು ಮನೆಯ ಯಜಮಾನರು ಇದ್ದರು. ಅವರು ಆಟೋ ಕರೆತರುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ತಲೆಗೆ ನೀರು ಹಾಕಿಕೊಂಡು ಚಾಕಿ ಮನೆಯೊಳಗೆ ಹೋದೆ. ಹುಳುಗಳು ಎರಡನೇ ಜ್ವರಕ್ಕೆ ಕೂತಿದ್ದವು. ಜ್ವರದಲ್ಲಿ ಸೊಪ್ಪು ಹಾಕುವಂತಿಲ್ಲ. ಮಾಡಲು ಏನೂ ಕೆಲಸವಿಲ್ಲದೆ ತಟ್ಟೆಗಳ ನಡುವೆ ನಿಂತಿದ್ದೆ. ಹೊರಗೆ ಕುರ್ಚಿಯನ್ನು ಯಾರೋ ಬಂದವರಿಗೆಂದು ಎತ್ತಿಕೊಂಡು ಹೋಗಿದ್ದರು.

ತಿಥಿ ಮುಗಿದು ಸ್ವಲ್ಪ ದಿನಕ್ಕೆ ಅವನ ಹೆಂಡತಿ ಅವನ ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಳು.

"ಅಕ್ಕಾ, ಅವರು ಮಾಡ್ತಿದ್ರಲ್ಲ, ಅದು ನಡೀಬೇಕು," ಎಂದಳು. "ಅವರು ಹೆಂಗ್ ಬರ್ದಿದಾರೋ ಹಂಗೇ. ಬೇರೆಯೋರು ಬಂದು ಅಳ್ಸಿ ಗಿಳ್ಸಿ ಮಾಡಿದ್ರೆ ನಂಗೆ ಬೇಡ. ಅವರ ಬಟ್ಟೆ ಎಲ್ಲಾ ಕೊಟ್ಬಿಟ್ರು ನಮ್ಮತ್ತೆ. ಉಳ್ದಿರೋದು ಇದೊಂದೇ."

"ಒಂದಕ್ಷರ ಅಳ್ಸಲ್ಲ ಕಣಮ್ಮ," ಎಂದೆ.

ಹೇಳುವಾಗ ಸುಲಭವಾಗಿತ್ತು. ಇಬ್ಬರ ಕೆಲಸವನ್ನೂ ಸೇರಿಸಿ ಶುರು ಮಾಡಿದರೆ ಸೈಟ್ ಏಳಲೇ ಇಲ್ಲ. ಪರದೆಯ ತುಂಬ ಇಂಗ್ಲಿಷ್ ಸಾಲುಗಳು. ಕೊನೆಯ ಸಾಲು ನನ್ನ ಬ್ಯಾಚ್ ಫೈಲಿನಲ್ಲಿ ಬ್ಯಾಚ್ ಎಂಬ ಹೆಸರೇ ಸಿಗುತ್ತಿಲ್ಲ ಎನ್ನುತ್ತಿತ್ತು. ಫೈಲ್ ತೆರೆದರೆ ಹೆಸರು ಕಣ್ಣೆದುರೇ ಇದೆ. ನಾನೇ ಬರೆದದ್ದು. ಮೂರ್ನಾಲ್ಕು ದಿನ ಸೊಪ್ಪಿನ ಕೆಲಸ ಮುಗಿಸಿ ಬಂದು ಅದನ್ನೇ ನೋಡುತ್ತಾ ಕೂತೆ.

ಅಷ್ಟರಲ್ಲಿ ದೇವರಾಯಸಮುದ್ರದ ಆ ಯಜಮಾನರ ಫೋನ್ ಬಂತು. ಅವರದು ತೆಲುಗು ಬೆರೆತ ಮಾತು; ತಮ್ಮನನ್ನು ಅಬ್ಬಾಯಿ, ಹುಡುಗ, ಎನ್ನುತ್ತಿದ್ದರು.

"ಏಮ್ಮಾ, ಮುಂದಿನ್ ಹುಳ ಯಾವತ್ತಮ್ಮಾ? ಅಬ್ಬಾಯಿ ಆಗಿದ್ರೆ ಇಷ್ಟೊತ್ತಿಗೆ ಫೋನ್ ಮಾಡಿ, ಏನ್ ತಾತಾ, ಹುಳು ಮನೆ ತೊಳ್ದ್ಯಾ ಇಲ್ವಾ ಅಂತ ಬೈಯೋನು." ಆಮೇಲೆ ದನಿ ತಗ್ಗಿಸಿದರು. "ಬಾಯ್ ತಪ್ಪಿ ಬಂತು ತಾಯಿ. ನೀನು ನಿಧಾನಕ್ಕೆ ಹೇಳು."

ಮಾಲೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುವ ತಮ್ಮನ ಡಿಪ್ಲೊಮಾ ಗೆಳೆಯನಿಗೆ ಹೇಳಿ ಕಳಿಸಿದೆ. ಭಾನುವಾರ ಬಂದ. ಒಳಗೆ ಬರುವ ಮೊದಲು ಬಾಗಿಲಲ್ಲಿ ಕೈಕಾಲು ತೊಳೆದು ನಿಂತ. ತಮ್ಮ ಅವನಿಗೂ ಪಾಠ ಮಾಡಿದ್ದನೆಂದು ಕಾಣುತ್ತದೆ. ನಡುಮನೆಯಲ್ಲಿ ಕೂತು ನೋಡಿದ ಸ್ವಲ್ಪ ಹೊತ್ತಿಗೇ ಅವನಿಗೆ ಗೊತ್ತಾಯಿತು.

"ಅಕ್ಕಾ, ಇದು ಸುತ್ತು ಬಿದ್ದಿದೆ. ಪೈಥಾನು ನಿಮ್ಮ ಫೈಲನ್ನ ಓದೋಕೆ ಶುರು ಮಾಡ್ತದೆ. ಮೇಲ್ಗಡೆ ಸಾಲಲ್ಲೇ ನೀವು, ಹೋಗಿ ರೈತರನ್ನ ಕರ್ಕೊಂಡ್ ಬಾ ಅಂತೀರ. ಸರಿ ಅಂತ ಅದು ಅವನ ಫೈಲಿಗೆ ಹೋಗ್ತದೆ. ಅಲ್ಲಿ ಮೇಲ್ಗಡೆ ಅವನು, ಹೋಗಿ ಬ್ಯಾಚ್ ಕರ್ಕೊಂಡ್ ಬಾ ಅಂತಾನೆ. ವಾಪಸ್ ಇಲ್ಲಿಗ್ ಬಂದ್ರೆ ನಿಮ್ಮ ಫೈಲು ಇನ್ನೂ ಮೇಲಿನ್ ಸಾಲಲ್ಲೇ ನಿಂತಿದೆ. ಬ್ಯಾಚ್ ಇರೋದು ಕೆಳಗೆ. ಅಲ್ಲೀವರ್ಗೂ ಓದೇ ಇಲ್ಲ."

ಅವನು ಹೇಳಿದ್ದು ನನಗೆ ಅರ್ಥವಾಯಿತು. ತಮ್ಮ ನನಗೆ ಕಾದಿದ್ದ, ನಾನು ತಮ್ಮನಿಗೆ ಕಾದಿದ್ದೆ.

"ಒಂದ್ ನಿಮಿಷದ ಕೆಲಸ," ಎಂದು ಗೆಳೆಯ ರೈತರ ಫೈಲನ್ನು ಮೇಲಿನಿಂದ ಕೆಳಕ್ಕೆ ಸರಿಸಿದ. "ನೋಡಿ, ಬ್ಯಾಚನ್ನ ತರಿಸ್ಕೊಂಡಿದಾನೆ, ಎಲ್ಲೂ ಬಳಸೇ ಇಲ್ಲ. ಸುಮ್ನೆ ಇದೆ ಈ ಸಾಲು. ತೆಗೆದ್ರೆ ಆಯ್ತು."

"ತೆಗೀಬೇಡ."

"ಅದರಿಂದ ಏನೂ ಆಗ್ತಿಲ್ಲ ಅಕ್ಕ. ಬೇಕಾಗಿಲ್ಲ."

"ಬೇಡ ಕಣಪ್ಪ."

ಅವನು ಕೀಲಿಗಳ ಮೇಲಿನಿಂದ ಕೈ ತೆಗೆದ. ಆ ಸಾಲು ಯಾವಾಗ ಬಂತು ಎಂದು ಕೇಳಿದೆ. ನೋಡಿ ಹೇಳಿದ. ತಮ್ಮ ತೀರಿಕೊಂಡದ್ದರ ಹಿಂದಿನ ಸಂಜೆ. ಅದರ ನಂತರ ಏನೂ ಬರೆದಿರಲಿಲ್ಲ.

ಆಮೇಲೆ ಗೆಳೆಯ, ಎರಡೂ ಮಾಡೆಲನ್ನು ಒಂದೇ ಫೈಲಿಗೆ ಹಾಕಿಬಿಡೋಣವಾ, ಆಗ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ ಎಂದ. ತಮ್ಮನ ಫೈಲ್ ಅವನದಾಗಿಯೇ ಇರಲಿ ಎಂದೆ.

"ನಿನ್ ಕೋಡೂ ನಿನ್ ತರಾನೇ ಮೊಂಡು ಕಣ್ಲಾ ಅಂತ ಅವನಿಗೆ ಕಾಲೇಜಲ್ಲಿ ಬೈತಿದ್ದೆ," ಎಂದ ಗೆಳೆಯ. "ಮನೆಯೋರೆಲ್ಲಾ ಹಂಗೇ ಅಂತ ಈಗ ಗೊತ್ತಾಯ್ತು." ನಗಲು ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ.

ಇನ್ನೊಂದು ದಾರಿ ಅವನೇ ಹೇಳಿಕೊಟ್ಟ. ಸುತ್ತು ಬಿಡಬೇಕಾದರೆ ಒಂದು ಕಡೆಯ ಇಂಪೋರ್ಟ್ ಹೋದರೆ ಸಾಕು, ಅದು ಯಾವ ಕಡೆಯದಾದರೂ ಆಗುತ್ತದೆ. ನನ್ನ ಸಾಲನ್ನು ನಾನು ತೆಗೆಯಬಹುದು. ಆದರೆ ನಾನು ರೈತರ ಮಾಡೆಲನ್ನು ನಿಜವಾಗಿ ಬಳಸಿದ್ದೆ. ಅದಕ್ಕೆ, ಮಾಡೆಲನ್ನು ಕೈಗೆ ತಂದುಕೊಳ್ಳುವ ಬದಲು ಅದರ ಹೆಸರನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಬರೆದಿಡಬೇಕು. ಫೈಲ್ ಓದುವಾಗ ಯಾರೂ ಎಲ್ಲಿಗೂ ಓಡುವುದಿಲ್ಲ. ಎಲ್ಲ ಫೈಲೂ ಓದಿ ಮುಗಿದ ಮೇಲೆ, ಬೇಕಾದಾಗ, ಆ ಹೆಸರಿನವರು ಯಾರೆಂದು ಪ್ರೋಗ್ರಾಮೇ ಹುಡುಕಿಕೊಳ್ಳುತ್ತದೆ.

"ನೀವೇ ಬರೀರಿ," ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

ನನ್ನ ಸಾಲನ್ನು ಅಳಿಸಿದೆ. ಕೆಳಗೆ ಹೋಗಿ ಹೆಸರಿನ ಆಚೆ ಈಚೆ ಚಿಹ್ನೆ ಹಾಕಿದೆ. ಸೈಟ್ ಎದ್ದಿತು. ಆದರೆ ಬ್ಯಾಚಿನ ಪುಟ ತೆರೆದ ಕೂಡಲೇ ಮತ್ತೆ ಬಿತ್ತು. ಈ ಸಲ ರೈತ ಎಂಬ ಹೆಸರಿನವರು ಯಾರೂ ಇಲ್ಲ ಎನ್ನುತ್ತಿತ್ತು. ಗೆಳೆಯ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕೂತ. ನಾನೇ ನೋಡಲಿ ಎಂದಿರಬೇಕು.

ನೋಡಿದೆ. ಸೈಟ್ ಶುರುವಾಗುವ ಮುಖ್ಯ ಫೈಲ್ ನನ್ನ ಫೈಲನ್ನು ಮಾತ್ರ ಕರೆಯುತ್ತಿತ್ತು. ತಮ್ಮನ ಫೈಲು ಬರಬೇಕಾಗಿದ್ದದ್ದು ನನ್ನ ಇಂಪೋರ್ಟ್ ಸಾಲಿನ ಹಿಂದೆಯೇ. ಈಗ ನಾನು ಕರೆಯುವುದನ್ನು ಬಿಟ್ಟೆ. ಹಾಗಾಗಿ ಅವನ ಫೈಲನ್ನು ಓದುವವರೇ ಇಲ್ಲ. ಹೆಸರು ಗೊತ್ತಿದ್ದರೆ ಸಾಲದು, ಆ ಫೈಲ್ ಒಮ್ಮೆಯಾದರೂ ಓದಿಸಿಕೊಂಡಿರಬೇಕು. ಮುಖ್ಯ ಫೈಲಿನಲ್ಲಿ ಅವನ ಫೈಲನ್ನೂ ಕರೆದೆ. ಪೈಥಾನು ಅವನ ಫೈಲಿಗೆ ಹೋಯಿತು. ಅವನ ಮೇಲಿನ ಸಾಲು ನನ್ನ ಬ್ಯಾಚನ್ನು ಕೇಳಿತು. ಈ ಸಲ ಬ್ಯಾಚ್ ಪೂರ್ತಿ ಓದಿ ಮುಗಿದು ಸಿದ್ಧವಾಗಿತ್ತು. ಕೊಟ್ಟಿತು.

ಪುಟ ತೆರೆಯಿತು. ತಮ್ಮ ಇದ್ದಾಗಿನ ಕೊನೆಯ ಬ್ಯಾಚಿನ ಕೆಳಗೆ, ಅವನು ಸೇರಿಸಿಟ್ಟಿದ್ದ ರೈತರ ಹೆಸರುಗಳು ಒಂದೊಂದಾಗಿ ಬಂದವು. ದೇವರಾಯಸಮುದ್ರದ ಯಜಮಾನರ ಹೆಸರಿನ ಮುಂದೆ ಅವನು ತಾತ ಎಂದೇ ಬರೆದಿದ್ದ.

ತಮ್ಮನ ಹೆಂಡತಿಗೆ ಫೋನ್ ಮಾಡಿದೆ. ಮರುದಿನ ಬಂದು ನೋಡಿದಳು. ಪರದೆಯನ್ನು ಸೆರಗಿನ ತುದಿಯಿಂದ ಒರೆಸಿದಳು. ಅವರು ಬರೆದದ್ದು ಯಾವುದು ತೋರಿಸಿ ಎಂದಳು. ರೈತರ ಫೈಲ್ ತೆರೆದು ಕೊಟ್ಟೆ. ಅವಳಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ಮೇಲಿನಿಂದ ಒಂದೊಂದೇ ಪದ ಓದುತ್ತಾ ಬಂದಳು.

"ಕೊನೇಲಿ ಬರೆದಿದ್ದು ಯಾವ್ದು ಅಕ್ಕಾ?"

ಆ ಸಾಲು ತೋರಿಸಿದೆ. ಅದರಲ್ಲಿ ಏನು ಮಾಡುತ್ತಾರೆ ಎಂದು ಕೇಳಿದಳು. ನನ್ನ ಬ್ಯಾಚನ್ನು ಅವನ ಕಡೆಗೆ ತರಿಸಿಕೊಳ್ಳುವುದು ಎಂದೆ.

"ತರಿಸ್ಕೊಂಡು?"

"ಗೊತ್ತಿಲ್ಲ. ಅವತ್ತು ಸಂಜೆ ನಿಂಗೇನಾದ್ರೂ ಹೇಳಿದ್ನಾ?"

ಅವಳು ತಲೆ ಅಲ್ಲಾಡಿಸಿದಳು. "ಇದನ್ನ ತೊಡೆ ಮೇಲೆ ಇಟ್ಕೊಂಡು ಜಗಲಿ ಮೇಲೆ ಕೂತಿದ್ರು. ತಾವೇ ನಗ್ತಿದ್ರು. ಮುದ್ದೆ ಆರ್‌ಹೋಗ್ತಿದೆ ಬನ್ನಿ ಅಂತ ನಾನೇ ಕರ್ದೆ. ಎರಡ್ ಸಲ ಕರ್ದೆ. ಮುಚ್ಚಿಟ್ಟು ಬಂದ್ರು." ಆಮೇಲೆ, "ನಾನ್ ಕರೀದೆ ಇದ್ದಿದ್ರೆ ಬರೀತಿದ್ರಾ ಅಕ್ಕಾ?" ಎಂದಳು.

"ಹಸಿವಾಗಿತ್ತು, ಬಂದ. ಹಂಗೆಲ್ಲಾ ಅನ್ಕೋಬೇಡ್ವೇ," ಎಂದೆ. ಅವಳ ಕೈ ಹಿಡಿದುಕೊಂಡೆ. ನನ್ನ ಕೈಯಲ್ಲಿ ಬ್ಲೀಚಿಂಗ್ ವಾಸನೆ ಇತ್ತು.

ಈಗ ಸೈಟ್ ನಡೆಯುತ್ತಿದೆ. ರೈತರು ಫೋನಿನಲ್ಲೇ ಹುಳು ಯಾವ ಜ್ವರದಲ್ಲಿದೆ ಎಂದು ನೋಡಿಕೊಂಡು ಬರುತ್ತಾರೆ. ಹೊರಗಿನ ಊರುಗಳಿಗೆ ಹೋಗಲು ನನ್ನ ಗಂಡ ಒಪ್ಪಿದ್ದಾರೆ. ಅವರು ಚಾಕಿ ಮನೆಯೊಳಗೆ ಬರುವುದಿಲ್ಲ. ಹೊಸ ಪುಟ ಬೇಕಾದಾಗ ನಾನು ಎರಡೂ ಫೈಲನ್ನು ತೆರೆಯುತ್ತೇನೆ. ಅವನದಕ್ಕೆ ಕೆಳಗೆ ಸೇರಿಸುತ್ತೇನೆ, ಮೇಲಿನದನ್ನು ಮುಟ್ಟುವುದಿಲ್ಲ. ಎಡಿಟರ್ ಆ ಸಾಲನ್ನು ಮಂಕು ಬಣ್ಣದಲ್ಲಿ ತೋರಿಸುತ್ತದೆ, ಬಳಕೆಯಾಗಿಲ್ಲ ಎಂದು.

ಬ್ಯಾಚನ್ನು ತರಿಸಿಕೊಂಡು ಅವನು ಏನು ಬರೆಯಬೇಕೆಂದಿದ್ದನೋ, ಅದು ಆ ಫೈಲಿನಲ್ಲಿ ಇಲ್ಲ.