ಬೆಲ್ಲ ತಿಂದ ಮೇಲೆ ಅಣ್ಣಂದಿರೇ

ನನ್ನ ಓರಗಿತ್ತಿ ಸಜನಾಳಂಥ ಹಟಮಾರಿಯನ್ನು ಇಡೀ ಝುಂಝುನೂ ಜಿಲ್ಲೆಯಲ್ಲಿ ನಾನು ಕಂಡಿಲ್ಲ. ಅವಳ ಗಂಡ, ನನ್ನ ಮೈದುನ ಮಹಿಪಾಲ, ಗಡಿಯಲ್ಲಿ ತೀರಿಕೊಂಡು ಹದಿನಾರು ವರ್ಷವಾಯಿತು. ಪ್ರತಿವರ್ಷ ಅವನು ತೀರಿಕೊಂಡ ದಿನ ಊರ ಬಾಗಿಲಲ್ಲಿರುವ ಅವನ ಪ್ರತಿಮೆಗೆ ಹಾರ, ಇವಳಿಗೆ ಶಾಲು. ಬಂದ ದೊಡ್ಡವರೆಲ್ಲ ಮೈಕಿನಲ್ಲಿ ಗಂಟಲು ಹರಿದುಕೊಂಡು, ಲಡ್ಡು ತಿಂದು ಹೋಗುತ್ತಾರೆ. ಈ ಸಲ ಮಗಳು ಮೋನಿಕಾಗೆ ಜೈಪುರದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಪಿಂಚಣಿಯೆಲ್ಲ ಮಾವನವರ ಕಿಡ್ನಿ ಕಾಯಿಲೆಗೆ ಹೋಗುತ್ತಿತ್ತು. ಫೀಸಿಗೆ ಸಹಾಯ ಮಾಡಿ ಎಂದು ಕೇಳಿದರೆ ಅದೇ ದೊಡ್ಡವರು ಪ್ರತಿಮೆಗೆ ಅಮೃತಶಿಲೆಯ ಕಟ್ಟೆ ಕಟ್ಟಿಸುತ್ತೇವೆ ಎಂದರು! ಕಟ್ಟೆಯ ಮೇಲಾದರೆ ತಮ್ಮ ಹೆಸರು ಕೆತ್ತಿಸಬಹುದು, ಹುಡುಗಿಯ ಮೇಲೆ ಕೆತ್ತಿಸಲಾಗುತ್ತದೆಯೇ?

ನಮ್ಮಲ್ಲಿ ಮಕ್ಕಳ ಮದುವೆ ಗೊತ್ತಾದರೆ ತಾಯಿ ಬೆಲ್ಲ ಹಿಡಿದುಕೊಂಡು ಹೋಗಿ ತನ್ನ ಅಣ್ಣತಮ್ಮಂದಿರನ್ನು ಕರೆಯುತ್ತಾಳೆ. ಅವರು ಬಟ್ಟೆ, ಒಡವೆ, ದುಡ್ಡು ತರುತ್ತಾರೆ. ಅದಕ್ಕೆ ಭಾತ್ ಎನ್ನುತ್ತೇವೆ. ಆ ಬೆಲ್ಲ ತಿಂದೂ ಬರದವನು ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಸಜನಾಗೆ ಒಡಹುಟ್ಟಿದವರಿಲ್ಲ. ಹಾಗಾಗಿ ಮಹಿಪಾಲನ ಜೊತೆ ಸೈನ್ಯದಲ್ಲಿದ್ದು ಈಗ ನಿವೃತ್ತರಾದ ಐವರ ಮನೆಗೆ ಬೆಲ್ಲ ಕೊಟ್ಟು, ಸೋಮವಾರ ಶುಭಕಾರ್ಯ ಎಂದು ಹೇಳಿ ಬಂದಳು. ಗಂಡು ಯಾರೆಂದು ನಾನು ಕೇಳಿದ್ದಕ್ಕೆ "ಸುಮ್ನಿರಕ್ಕ, ಮೂವತ್ತು ಜನಕ್ಕೆ ಹಲ್ವ ಮಾಡು" ಎಂದಳು. ನನ್ನ ಮೈಯೆಲ್ಲ ಉರಿಯಿತು. ಹುಡುಗಿಯ ದೊಡ್ಡಮ್ಮನಿಗೇ ಗಂಡು ಯಾರೆಂದು ಗೊತ್ತಿಲ್ಲ!

ಸೋಮವಾರ ಬೆಳಿಗ್ಗೆ ಐವರೂ ಕೆಂಪು ಪೇಟ ಸುತ್ತಿಕೊಂಡು ಜೀಪಿನಿಂದ ಇಳಿದರು. ಹಿರಿಯರಾದ ಸುಬೇದಾರ್ ರಣಸಿಂಗರು ಚಪ್ಪರವಿಲ್ಲದ ಅಂಗಳವನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಗಂಡಿನ ಕಡೆಯವರು ಎಲ್ಲಮ್ಮಾ?"

"ಗಂಡಿಲ್ಲ ಅಣ್ಣಾ, ಕಾಲೇಜಿದೆ. ಫೀಸು ಕಟ್ಟೋಕೆ ಇವತ್ತೇ ಕೊನೇ ದಿನ."

"ಏನು, ತಮಾಷೆನಾ? ಭಾತ್ ತರೋದು ಮದುವೆಗೆ. ಓದಿಗೆ ತಂದ್ರೆ ಊರವರು ನಗಲ್ವಾ? ಒಳ್ಳೇ ಹುಡುಗನ್ನ ನೋಡು, ಇದರ ಎರಡರಷ್ಟು ತರ್ತೀವಿ."

"ನನಗೂ ಒಳ್ಳೇ ಹುಡುಗನ್ನೇ ನೋಡಿದ್ರು ಅಣ್ಣಾ. ನನಗೆ ಇಪ್ಪತ್ತೆರಡಾಗಿದ್ದಾಗ ಅವರನ್ನ ಪೆಟ್ಟಿಗೆಯಲ್ಲಿ ತಂದು ಇಳಿಸಿದ್ರಿ, ನೀವೇ. ಪಿಂಚಣಿ ಕಾಗದದಲ್ಲಿ ಏನು ಬರೆದಿದೆ ಅಂತ ನನಗೆ ಓದೋಕೆ ಬರ್ತಿರಲಿಲ್ಲ. ನನ್ನ ಹೆಬ್ಬೆರಳು ಹಿಡಿದು ಒತ್ತಿಸಿದ್ದೂ ನೀವೇ. ನನ್ನ ಮಗಳ ಬೆರಳನ್ನ ಯಾರ ಕೈಗೂ ಕೊಡಲ್ಲ ನಾನು."

ಸುಬೇದಾರರು ಭಾತ್‌ಗೆಂದು ತಂದಿದ್ದ ದುಡ್ಡಿನ ಗಂಟನ್ನು ಮೋನಿಕಾಳ ಕೈಗಿಟ್ಟರು. ಆಮೇಲೆ ಉಳಿದ ನಾಲ್ವರ ಮೇಲೆ ರೇಗಿದರು: "ಏನ್ ಬಾಯಿ ಬಿಟ್ಕೊಂಡು ನಿಂತಿದ್ದೀರೋ? ಜೈಪುರಕ್ಕೆ ನಾಲ್ಕು ಗಂಟೆ ದಾರಿ. ಹುಡುಗೀನ ಜೀಪು ಹತ್ತಿಸ್ರೋ!"

ತಾಯಿ ಮಗಳನ್ನು ಕೂರಿಸಿಕೊಂಡು ಜೀಪು ಹೋಯಿತು. ಹಲ್ವದ ಬಾಣಲೆಯ ಮುಂದೆ ನಾನೊಬ್ಬಳೇ ಉಳಿದೆ. ಬೆಳಗಿನಿಂದ ಸಜನಾಳ ಮೇಲೆ ಕುದಿಯುತ್ತಿದ್ದ ಸಿಟ್ಟು ನನ್ನ ಮೇಲೆಯೇ ತಿರುಗಿತು. ಗಂಡ ತೀರಿಕೊಂಡ ವರ್ಷ ಅವಳು ಅಕ್ಷರ ಕಲಿಯುತ್ತೇನೆಂದು ಒಂದು ಸ್ಲೇಟು ತಂದಿದ್ದಳು. "ಎಮ್ಮೆಗೆ ಮೇವು ನಿಮ್ಮಪ್ಪ ತರ್ತಾನಾ?" ಎಂದು ಅದನ್ನು ಕಿತ್ತುಕೊಂಡು ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಮಾಡಿದವಳು ನಾನೇ.